ಕ್ವಾಂಜಾ: ಬಳಕೆಯಿಂದ ಸ್ವಂತವಾದ ಪದ

ಅಮೆರಿಕದಲ್ಲಿ ಆಫ್ರಿಕನ್ ಮೂಲದ ಸಮುದಾಯವು ಪ್ರತಿವರ್ಷ ಡಿಸೆಂಬರ್ 26ರಿಂದ ಜನವರಿ 1ರವರೆಗೆ ಏಳು ದಿನ ಆಚರಿಸುವ ಹಬ್ಬಕ್ಕೆ ‘ಕ್ವಾಂಜಾ’ ಎಂದು ಹೆಸರು. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಆರಂಭಿಸು’ ಎಂಬ ಅರ್ಥದ ಕ್ರಿಯಾಪದದಿಂದ ಬಂದ ಈ ಮಾತಿಗೆ ‘ಮೊದಲು’ ಎಂಬ ಅರ್ಥವಿದ್ದು, ‘ಮಾತುಂಡಾ ಯಾ ಕ್ವಾಂಜಾ’ ಎಂದರೆ ಮೊದಲ ಫಲಗಳು, ಅಂದರೆ ಸುಗ್ಗಿಯಲ್ಲಿ ಮೊದಲು ಕೈಗೆ ಬಂದ ಬೆಳೆ ಎಂದಾಗುತ್ತದೆ. ರೋಮನ್ ಲಿಪಿಯಲ್ಲಿ ಈ ಪದಕ್ಕೆ ಆರೇ ಅಕ್ಷರಗಳಾದರೂ, ಹಬ್ಬದ ಹೆಸರಿನ ಕೊನೆಗೆ ಮತ್ತೊಂದು ‘ಎ’ ಸೇರಿಸಿ ಏಳು ಮಾಡಲಾಗಿದೆ. ಆರಂಭದ ಆಚರಣೆಯಲ್ಲಿ ಒಂದೊಂದು ಅಕ್ಷರವನ್ನು ಪ್ರತಿನಿಧಿಸಲು ಏಳು ಮಕ್ಕಳಿದ್ದರು ಎಂಬುದು ಇದಕ್ಕೆ ರೂಢಿಯಲ್ಲಿರುವ ವಿವರಣೆ.

ಲಾಸ್ ಏಂಜಲೀಸ್ ನಗರದ ವಾಟ್ಸ್ ಪ್ರದೇಶದಲ್ಲಿ 1965ರ ಆಗಸ್ಟ್‌ನಲ್ಲಿ ಭುಗಿಲೆದ್ದ ದಂಗೆ 34 ಜನರನ್ನು ಬಲಿ ತೆಗೆದುಕೊಂಡ ಮೇಲೆ, ಸಮುದಾಯವು ತನ್ನ ಸಂಸ್ಕೃತಿಯ ನೆಲೆಯಲ್ಲಿ ಒಂದಾಗಬೇಕೆಂದು ಪ್ರತಿಪಾದಿಸುತ್ತಿದ್ದ ಮೌಲಾನಾ ಕರೇಂಗಾ 1966ರಲ್ಲಿ ಈ ಹಬ್ಬವನ್ನು ರೂಪಿಸಿದರು. ಗುಲಾಮರಾಗಿ ಸಾಗಿಸಲ್ಪಟ್ಟವರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ ಆಫ್ರಿಕದವರಾಗಿದ್ದರಿಂದ, ಪೂರ್ವ ಕರಾವಳಿಯ ಭಾಷೆ ಅವರ ಸಂತತಿಗೆ ಹೇಗೆ ಸಲ್ಲುತ್ತದೆ ಎಂಬ ಆಕ್ಷೇಪ ಹಿಂದಿನಿಂದಲೂ ಇದೆ. ಆದರೆ ಗುಲಾಮಗಿರಿಯು ಜನರ ಹೆಸರುಗಳ ಜೊತೆಗೆ ಅವರ ಮಾತೃಭಾಷೆಗಳನ್ನೂ ಕಿತ್ತುಕೊಂಡಿದ್ದರಿಂದ ಹಿಂದಿರುಗಲು ಯಾವುದೋ ಒಂದು ಬುಡಕಟ್ಟಿನ ನುಡಿ ಅವರಿಗೆ ಉಳಿದಿರಲಿಲ್ಲ. ಹಲವು ಜನಾಂಗಗಳು ಹಂಚಿಕೊಂಡ ಸಂಪರ್ಕ ಭಾಷೆಯಾಗಿದ್ದ ಸ್ವಾಹಿಲಿ ಇಡೀ ಖಂಡದ ಪರವಾಗಿ ನಿಲ್ಲಬಲ್ಲದೆಂಬ ಎಣಿಕೆಯಿಂದಲೇ ಅದನ್ನು ಆರಿಸಿಕೊಳ್ಳಲಾಯಿತು.

ಹಬ್ಬದ ಪರಿಕರಗಳೆಲ್ಲಕ್ಕೂ ಇದೇ ಭಾಷೆಯ ಹೆಸರುಗಳಿವೆ. ‘ಮ್ಕೇಕಾ’ ಎಂಬ ಚಾಪೆಯನ್ನು ಹಾಸಿ, ಅದರ ಮೇಲೆ ‘ಮಜಾವೊ’ ಅಂದರೆ ಹಣ್ಣುಹಂಪಲು, ಬೆಳೆಗಳನ್ನೂ, ಎಲ್ಲರೂ ಪಾಲು ಪಡೆಯುವ ‘ಕಿಕೋಂಬೆ ಚಾ ಉಮೋಜಾ’ ಎಂಬ ಐಕ್ಯದ ಬಟ್ಟಲನ್ನೂ ಇಡುತ್ತಾರೆ. ಈ ಬಟ್ಟಲಿನಿಂದಲೇ ಪೂರ್ವಿಕರಿಗೆ ತರ್ಪಣವನ್ನೂ ಎರೆಯುತ್ತಾರೆ. ಮನೆಯಲ್ಲಿರುವ ಪ್ರತಿ ಮಗುವಿಗೆ ಒಂದರಂತೆ ಮೆಕ್ಕೆಜೋಳದ ತೆನೆಯನ್ನು ಇಡುವ ಪದ್ಧತಿಯಿದ್ದು, ಮಕ್ಕಳಿಲ್ಲದ ಮನೆಯವರೂ ಒಂದು ತೆನೆಯನ್ನು ಇಡುತ್ತಾರೆ, ಏಕೆಂದರೆ ಊರಿನ ಮಕ್ಕಳ ಹೊಣೆ ಎಲ್ಲರದೂ ಆಗಿದೆ. ‘ಕಿನಾರಾ’ ಎಂಬ ದೀಪಸ್ತಂಭದ ನಡುವೆ ಜನರನ್ನು ಸೂಚಿಸುವ ಒಂದು ಕಪ್ಪು ಮೇಣದಬತ್ತಿ, ಎಡಕ್ಕೆ ಹೋರಾಟವನ್ನು ಸೂಚಿಸುವ ಮೂರು ಕೆಂಪು ಬತ್ತಿಗಳು, ಬಲಕ್ಕೆ ಭವಿಷ್ಯದ ಭರವಸೆಯನ್ನು ಸೂಚಿಸುವ ಮೂರು ಹಸಿರು ಬತ್ತಿಗಳಿರುತ್ತವೆ. ಮೊದಲ ದಿನ ಕಪ್ಪು ಬತ್ತಿಯನ್ನು ಹೊತ್ತಿಸಿ, ಮುಂದೆ ದಿನಕ್ಕೊಂದನ್ನು ಸೇರಿಸುತ್ತ ಹೋಗುತ್ತಾರೆ. ಈ ಮೂರು ಬಣ್ಣಗಳು ಕಪ್ಪು ಜನರ ಐಕ್ಯಕ್ಕಾಗಿ ದುಡಿದ ಮಾರ್ಕಸ್ ಗಾರ್ವೆಯವರ ಸಂಘಟನೆಯು 1920ರಲ್ಲಿ ಆಫ್ರಿಕನ್ ಜನಾಂಗದ ಬಣ್ಣಗಳೆಂದು ಘೋಷಿಸಿದವು.

ಹಬ್ಬದ ದಿನಗಳಲ್ಲಿ ಎದುರಾದವರನ್ನು ‘ಹಬಾರಿ ಗಾನಿ?’ ಅಂದರೆ ‘ಏನು ಸಮಾಚಾರ?’ ಎಂದು ವಿಚಾರಿಸುವುದು ವಾಡಿಕೆ. ಇದಕ್ಕೆ ಆಯಾ ದಿನದ ತತ್ತ್ವದ ಹೆಸರೇ ಉತ್ತರ. ‘ಉಮೋಜಾ’ ಐಕ್ಯ, ‘ಕುಜಿಚಗುಲಿಯಾ’ ಸ್ವನಿರ್ಣಯ, ‘ಉಜಿಮಾ’ ಕೂಡಿ ದುಡಿದು ಹೊಣೆ ಹೊರುವುದು, ‘ಉಜಮಾ’ ಸಹಕಾರದ ಅರ್ಥವ್ಯವಸ್ಥೆ, ‘ನಿಯಾ’ ಉದ್ದೇಶ, ‘ಕೂಂಬಾ’ ಸೃಜನಶೀಲತೆ ಮತ್ತು ‘ಇಮಾನಿ’ ನಂಬಿಕೆ. ಇವುಗಳಲ್ಲಿ ಕೆಲವು ಪದಗಳಿಗೆ ಕನ್ನಡದಲ್ಲಿಯೂ ನೆಂಟರಿದ್ದಾರೆ. ಸಮುದ್ರ ವ್ಯಾಪಾರದ ಮೂಲಕ ಅರಬ್ಬಿಯಿಂದ ಸ್ವಾಹಿಲಿಗೆ ಬಂದ ‘ಹಬಾರಿ’, ‘ನಿಯಾ’, ‘ಇಮಾನಿ’ಗಳ ಮೂಲಪದಗಳೇ ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದು ‘ಖಬರು’, ‘ನಿಯತ್ತು’, ‘ಇಮಾನು’ಗಳಾಗಿವೆ, ತಾಂಜಾನಿಯದ ಜೂಲಿಯಸ್ ನ್ಯೆರೆರೆಯವರ ಸಮಾಜವಾದಿ ನೀತಿಯಿಂದ ಹೆಸರಾದ ‘ಉಜಮಾ’ಕ್ಕೂ ಕನ್ನಡದ ‘ಜಮಾ’, ‘ಜಮಾಯಿಸು’ಗಳಿಗೂ ಮೂಲ ಒಂದೇ.

ನಿಯತ್ತು ಕನ್ನಡದ ಮಾತಲ್ಲವೆಂದು ಇಂದು ಯಾರೂ ವಾದಿಸಲಾರರು. ಅಂತೆಯೇ ಕ್ವಾಂಜಾ ಕೂಡ ತನ್ನನ್ನು ಬಳಸಿದವರದಾಗಿದೆ. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ ಈ ಹಬ್ಬದ ಅಂಚೆಚೀಟಿಯನ್ನು ಹೊರತಂದಿತು; ಅದೇ ವರ್ಷ ಅಧ್ಯಕ್ಷ ಕ್ಲಿಂಟನ್ ಹಬ್ಬದ ಶುಭಾಶಯ ಸಂದೇಶವನ್ನು ನೀಡಿದರು. ಮೊದಲ ವರ್ಷಗಳಲ್ಲಿ ಇದನ್ನು ಕ್ರಿಸ್‌ಮಸ್‌ಗೆ ಪರ್ಯಾಯವೆಂದು ಮುಂದಿಟ್ಟಿದ್ದು ನಿಜವಾದರೂ, ಇದು ಧಾರ್ಮಿಕ ಹಬ್ಬವಲ್ಲ, ಸಾಂಸ್ಕೃತಿಕ ಹಬ್ಬವೆಂದು ಕರೇಂಗಾ ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ, ಮತ್ತು ಎರಡನ್ನೂ ಆಚರಿಸುವ ಕ್ರೈಸ್ತ ಕುಟುಂಬಗಳು ಅನೇಕ ಇವೆ. ಆದ್ದರಿಂದ ಕ್ವಾಂಜಾವನ್ನು ‘ಕರಿಯರ ಕ್ರಿಸ್‌ಮಸ್’ ಎಂದು ವಿವರಿಸುವುದು ತಪ್ಪು. ಭಾಷೆಯನ್ನು ಕಳೆದುಕೊಂಡ ಜನ ತಾವೇ ಆರಿಸಿ ಇಟ್ಟುಕೊಂಡ ಈ ಹೆಸರನ್ನು ಕನ್ನಡದಲ್ಲಿ ಬರೆಯುವವರೂ ಹಾಗೆಯೇ ಉಳಿಸಿಕೊಳ್ಳಬೇಕು.