ರಾಜ್ಯಾಂಗಕ್ಕೆ ಕೊರಳು ಬಂದ ದಿನ

ಕಾಯಿದೆಯನ್ನು ಹಾಡಬಹುದೆ? ಹೀಗೆಂದು ಕೇಳಿದವನನ್ನು ಕಂಡು ವಕೀಲರೂ ನಕ್ಕಾರು, ಗಾಯಕರೂ ನಕ್ಕಾರು. ಕಾಯಿದೆಯ ಭಾಷೆಗೆ ಪ್ರಾಸವಿಲ್ಲ, ಪಲ್ಲವಿಯಿಲ್ಲ. ‘ಪರಂತು’, ‘ತಕ್ಕದ್ದು’ ಎಂಬ ಮುಳ್ಳುಬೇಲಿಯನ್ನು ದಾಟಿ ಯಾವ ಸ್ವರ ತಾನೇ ಒಳಹೊಕ್ಕೀತು? ಆದರೂ ೨೦೧೮ರ ಅಕ್ಟೋಬರ್ ೩ರಂದು, ಜರ್ಮನಿಯ ಏಕೀಕರಣದ ಉತ್ಸವದ ದಿನ, ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ಮಹಾದ್ವಾರದ ಮುಂದೆ ಸುಮಾರು ೫೦ ಮಂದಿಯ ಮೇಳವೊಂದು ನಿಂತು ಆ ದೇಶದ ರಾಜ್ಯಾಂಗವನ್ನೇ ನುಡಿಯಿತು, ಪಿಸುಗುಟ್ಟಿತು, ಕೂಗಿತು, ಹಾಡಿತು. ಈ ವಿಚಿತ್ರ ಪ್ರಯೋಗದ ಹಿಂದೆ ಒಂದು ಶತಮಾನದ ಕಥೆಯಿದೆ.

ಒಣಗದ್ಯಕ್ಕೆ ಸ್ವರ ಹಾಕುವ ಸಾಹಸ ಹೊಸದಲ್ಲ. ಫ್ರಾನ್ಸಿನ ಡೇರಿಯಸ್ ಮಿಯೊ ೧೯೧೯ರಲ್ಲಿ ಬೇಸಾಯದ ಯಂತ್ರಗಳ ಕ್ಯಾಟಲಾಗನ್ನು ತೆಗೆದುಕೊಂಡು ಒಂದು ಕೊರಳಿಗೂ ಏಳು ವಾದ್ಯಗಳಿಗೂ ಹೊಂದಿಸಿದ. ಹಲವರು ಅದನ್ನು ಕುಚೇಷ್ಟೆಯೆಂದರು, ಅವನು ಅಲ್ಲವೆಂದ. ಷೋನ್‌ಬರ್ಗನ ಶಿಷ್ಯನಾದ ಹಾನ್ಸ್ ಐಸ್ಲರ್ ೧೯೨೫ರಿಂದ ೧೯೨೭ರ ವರೆಗೆ ಪತ್ರಿಕೆಯ ತುಣುಕುಗಳಿಗೆ, ವಿವಾಹದ ಜಾಹೀರಾತಿಗೆ ಕೂಡ, ಸಂಗೀತ ಬರೆದ. ಕಣ್ಣು ಜಾರಿಕೊಂಡು ಹೋಗುವ ಮಾತನ್ನು ಕಿವಿ ತಡೆದು ನಿಲ್ಲಿಸುತ್ತದೆ. ಗಮಕ ಕೇಳಿ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಕ್ಕುಗಳ ವಿಷಯದಲ್ಲಿ ಕಣ್ಣು ಜಾರಿದರೆ ತೆರಬೇಕಾದ ಬೆಲೆಯೇನೆಂಬುದನ್ನು ಬರ್ಲಿನ್ ನಗರ ಚೆನ್ನಾಗಿ ಬಲ್ಲದು. ೧೯೧೯ರ ವೈಮಾರ್ ರಾಜ್ಯಾಂಗದಲ್ಲಿ ೧೮೧ ವಿಧಿಗಳಿದ್ದುವು. ಅದರ ಎರಡನೆಯ ಭಾಗವೆಲ್ಲ ಪ್ರಜೆಗಳ ಹಕ್ಕು ಮತ್ತು ಕರ್ತವ್ಯಗಳಿಗೇ ಮೀಸಲು. ಆದರೆ ವಿಪತ್ತಿನ ಕಾಲದಲ್ಲಿ ಆ ಹಕ್ಕುಗಳ ಪೈಕಿ ಏಳನ್ನು ಅಧ್ಯಕ್ಷನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದೆಂದು ೪೮ನೆಯ ವಿಧಿ ಹೇಳಿತ್ತು. ೧೯೩೩ರ ಫೆಬ್ರವರಿ ೨೭ರ ರಾತ್ರಿ ಪಾರ್ಲಿಮೆಂಟಿನ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಅಧ್ಯಕ್ಷ ಹಿಂಡೆನ್‌ಬುರ್ಗನ ಸಹಿಯೊಡನೆ ಆಜ್ಞೆ ಹೊರಟಿತು. ವ್ಯಕ್ತಿಸ್ವಾತಂತ್ರ್ಯ, ಮನೆಯ ಭದ್ರತೆ, ಅಂಚೆಯ ಗೋಪ್ಯ, ವಾಕ್ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಸಂಘ ಕಟ್ಟುವ ಹಕ್ಕು, ಆಸ್ತಿಯ ಹಕ್ಕು, ಏಳೂ ಒಂದೇ ಏಟಿಗೆ ಹೋದುವು. ತಾತ್ಕಾಲಿಕವೆಂದು ಬಂದ ಆಜ್ಞೆ ನಾಜಿಗಳು ಬೀಳುವವರೆಗೂ ಉಳಿಯಿತು. ಅಷ್ಟು ವರ್ಷವೂ ವೈಮಾರ್ ರಾಜ್ಯಾಂಗವನ್ನು ಔಪಚಾರಿಕವಾಗಿ ರದ್ದು ಮಾಡಿರಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ಪುಸ್ತಕ ಇದ್ದಲ್ಲೇ ಇತ್ತು. ಅದರ ಮಾತನ್ನು ಎತ್ತಿ ಆಡುವವರು ಸೆರೆಮನೆಯಲ್ಲಿದ್ದರು, ಇಲ್ಲವೆ ಐಸ್ಲರನಂತೆ ದೇಶ ಬಿಟ್ಟಿದ್ದರು.

ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಗೆ ಹೊಸ ಮೂಲಶಾಸನವನ್ನು ಬರೆಯಲು ೬೫ ಮಂದಿಯ ಸಭೆ ಕೂಡಿತು. ಅವರಲ್ಲಿ ಹೆಂಗಸರು ನಾಲ್ವರು. ಕಾಸೆಲ್ ನಗರದ ವಕೀಲೆ ಎಲಿಜಬೆತ್ ಸೆಲ್ಬರ್ಟ್ ಅವರು ಗಂಡಸರಿಗೂ ಹೆಂಗಸರಿಗೂ ಸಮಾನ ಹಕ್ಕು ಎಂಬ ಮಾತನ್ನು, ಜರ್ಮನ್ ಭಾಷೆಯಲ್ಲಿ ಐದೇ ಪದಗಳಷ್ಟನ್ನು, ಸೇರಿಸಬೇಕೆಂದು ಹಟ ಹಿಡಿದರು. ಸಮಿತಿ ಮೊದಲು ಒಪ್ಪಲಿಲ್ಲ. ಆಕೆ ಊರೂರಿಗೆ ಹೋಗಿ ಮಾತನಾಡಿದರು. ಹೆಂಗಸರಿಂದ ಮನವಿಗಳ ಮಳೆಯೇ ಸುರಿಯಿತು. ೧೯೪೯ರ ಜನವರಿಯಲ್ಲಿ ಸಮಿತಿ ಮಣಿಯಿತು. ಮೇ ೨೩ರಂದು ಶಾಸನ ಪ್ರಕಟವಾದಾಗ ಆ ಐದು ಪದಗಳು ಮೂರನೆಯ ವಿಧಿಯಲ್ಲಿದ್ದುವು. ಈ ಶಾಸನಕ್ಕೆ ಮೇಳ ಸೇರಿದ್ದು ೨೦೧೮ರಲ್ಲಿಯೇ ಮೊದಲಲ್ಲ ಎಂದು ಹೇಳಬೇಕಾದದ್ದು ಇದಕ್ಕಾಗಿ.

ಅದೇ ವರ್ಷ ಹಕ್ಕುಗಳ ಮಾತು ಸಂಗೀತದ ವೇದಿಕೆಯನ್ನೂ ಏರಿತು. ಮಾನವ ಹಕ್ಕುಗಳ ಘೋಷಣೆಗೆ ಒಂದು ವರ್ಷ ತುಂಬಿದ ಸಲುವಾಗಿ ಡಿಸೆಂಬರ್ ೧೦ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಏರನ್ ಕಾಪ್‌ಲೆಂಡ್ ರಚಿಸಿದ ಹೊಸ ಕೃತಿಯೊಂದನ್ನು ನುಡಿಸಿದರು. ಲೆನರ್ಡ್ ಬರ್ನ್‌ಸ್ಟೈನ್ ವಾದ್ಯವೃಂದವನ್ನು ನಡೆಸಿದರು. ನಟ ಲಾರೆನ್ಸ್ ಒಲಿವಿಯೆ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯನ್ನು ವಾದ್ಯಗಳ ನಡುವೆ ನಿಂತು ಓದಿದರು. ಸಭಿಕರು ಕೇಳಿದರು, ಮನೆಗೆ ಹೋದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ೧೯೫೩ರ ಜನವರಿಯಲ್ಲಿ, ಅಮೆರಿಕದ ಅಧ್ಯಕ್ಷರ ಪದಗ್ರಹಣದ ಕಚೇರಿಯಿಂದ ಇದೇ ಕಾಪ್‌ಲೆಂಡರ ಲಿಂಕನ್ ಕುರಿತ ಕೃತಿಯನ್ನು, ಅವರ ರಾಜಕೀಯದ ಮೇಲಿನ ಅನುಮಾನದಿಂದ, ತೆಗೆದುಹಾಕಿದರು. ಮೇ ತಿಂಗಳಲ್ಲಿ ಸೆನೆಟರ್ ಮೆಕಾರ್ಥಿಯ ಉಪಸಮಿತಿ ಅವರನ್ನು ಬಾಗಿಲು ಮುಚ್ಚಿ ಪ್ರಶ್ನಿಸಿತು. ಹಕ್ಕುಗಳಿಗೆ ಸಂಗೀತ ಕಟ್ಟಿದವನನ್ನು ಆ ಸಂಗೀತ ಕಾಯಲಿಲ್ಲ. ಒಬ್ಬ ಪ್ರಸಿದ್ಧನು ಓದುವುದು, ಉಳಿದವರು ಕೇಳುವುದು: ಇಷ್ಟರಿಂದಲೇ ಹಕ್ಕು ಗಟ್ಟಿಯಾಗುವುದಿಲ್ಲವೆಂದು ಆಗಲೇ ಕಾಣಬಹುದಾಗಿತ್ತು.

ಪೋಲೆಂಡಿನ ರಂಗನಿರ್ದೇಶಕಿ ಮಾರ್ತಾ ಗುರ್ನಿಟ್ಸ್ಕಾ ಹಿಡಿದದ್ದು ಬೇರೆ ದಾರಿ. ಆಕೆ ವಾರ್ಸಾದಲ್ಲಿ ಹೆಂಗಸರದೇ ಮೇಳ ಕಟ್ಟಿ ೨೦೧೦ರಲ್ಲಿ ಹೆಸರಾದರು. ೨೦೧೫ರ ಕೊನೆಯಲ್ಲಿ ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಲಿಯ ಬಗ್ಗೆ ಘೋರ ವಿವಾದ ಎದ್ದಿತು, ಜನ ಬೀದಿಗಿಳಿದರು. ಮರುವರ್ಷ ಆಕೆ ೧೯೯೭ರ ಪೋಲಿಷ್ ರಾಜ್ಯಾಂಗವನ್ನು ನಟರೂ ಹವ್ಯಾಸಿಗಳೂ ಮಕ್ಕಳೂ ಕೂಡಿದ ಮೇಳದ ಬಾಯಲ್ಲಿಟ್ಟರು. ಎರಡು ವರ್ಷದ ಮೇಲೆ ಬರ್ಲಿನ್ನಿನ ಮಾಕ್ಸಿಮ್ ಗಾರ್ಕಿ ರಂಗಮಂದಿರದೊಡನೆ ಕೂಡಿ ಜರ್ಮನ್ ಮೂಲಶಾಸನವನ್ನು ಕೈಗೆತ್ತಿಕೊಂಡರು. ಪ್ರಯೋಗವನ್ನು ‘ಒತ್ತಡ ಪರೀಕ್ಷೆ’ ಎಂದು ಕರೆದರು. ಹೊಸ ಸೇತುವೆಯ ಮೇಲೆ ಭಾರ ಹೇರಿ ನೋಡುವ ಎಂಜಿನಿಯರನ ಮಾತು ಅದು.

ಸ್ಥಳವೂ ಸಾಮಾನ್ಯವಾದದ್ದಲ್ಲ. ೧೯೩೩ರ ಜನವರಿ ೩೦ರ ರಾತ್ರಿ ನಾಜಿಗಳು ಪಂಜು ಹಿಡಿದು ಹಾದುಹೋದ ದ್ವಾರವದು. ೧೯೬೧ರಿಂದ ೧೯೮೯ರವರೆಗೆ ಗೋಡೆಯ ಮರೆಯಲ್ಲಿ ಮುಚ್ಚಿದ್ದ ದ್ವಾರ. ಬೆಂಕಿ ಬಿದ್ದಿದ್ದ ಪಾರ್ಲಿಮೆಂಟಿನ ಭವನ ಅಲ್ಲಿಂದ ಕೂಗಳತೆಯಲ್ಲಿದೆ. ಅಲ್ಲಿ ಬೇರೆ ಬೇರೆ ಹಿನ್ನೆಲೆಯ ಜನ ಒಟ್ಟಾಗಿ, ಮನುಷ್ಯನ ಘನತೆಗೆ ಯಾರೂ ಕೈ ಹಚ್ಚಲಾಗದೆಂಬ ಮೊದಲನೆಯ ವಿಧಿಯ ಶಾಸನವನ್ನು ಬಾಯಿಗೆ ತಂದುಕೊಂಡರು. ನಿರ್ದೇಶಕಿ ಮೇಳಕ್ಕೆ ಎದುರಾಗಿ ನಿಂತು ಕೈಸನ್ನೆಯಿಂದ ಅವರನ್ನು ನಡೆಸಿದರು.

ಇದು ಸಂಗೀತವೆ ಎಂದು ರಸಿಕರು ಕೇಳಬಹುದು. ಇಂಪು ಅರಸಿ ಹೋದವರಿಗೆ ಇಂಥಲ್ಲಿ ನಿರಾಸೆಯೇ. ಆದರೆ ಹಾಡುವವನಿಗೆ ಉಸಿರಿನ ಲೆಕ್ಕ ಗೊತ್ತು. ಆ ಲೆಕ್ಕವನ್ನು ಶಾಸನಕ್ಕೆ ಹಚ್ಚಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ೧೯೪೯ರ ಮೂಲಪಾಠದಲ್ಲಿ, ರಾಜಕೀಯ ಕಿರುಕುಳಕ್ಕೆ ಸಿಕ್ಕಿದವರಿಗೆ ಆಶ್ರಯದ ಹಕ್ಕುಂಟು ಎಂಬುದು ನಾಲ್ಕೇ ಪದಗಳು. ಅರ್ಧ ಉಸಿರು ಸಾಕು. ದೇಶ ಬಿಟ್ಟೋಡಿ ಬದುಕಿಕೊಂಡವರ ನೆನಪು ಹಸಿಯಾಗಿದ್ದಾಗ ಬರೆದದ್ದು ಅದು. ೧೯೯೩ರಲ್ಲಿ ತಿದ್ದುಪಡಿಯಾಯಿತು. ನಾಲ್ಕು ಪದಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಕೆಳಗೆ ಯಾರಿಗೆ ಈ ಹಕ್ಕಿಲ್ಲವೆಂದು ಹೇಳುವ ನಾಲ್ಕು ಉಪವಿಧಿಗಳನ್ನು ಸೇರಿಸಿದರು. ಅವನ್ನು ಓದಿ ಮುಗಿಸುವಷ್ಟರಲ್ಲಿ ಎಷ್ಟೋ ಸಲ ಉಸಿರು ತೆಗೆಯಬೇಕು. ಸ್ಪ್ರೀ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಬಳಿ, ಶಿಲ್ಪಿ ಡಾನಿ ಕರವಾನ್ ನಿಲ್ಲಿಸಿದ ೧೯ ಗಾಜಿನ ಫಲಕಗಳ ಮೇಲೆ ಮೊದಲ ೧೯ ವಿಧಿಗಳ ಹಳೆಯ ಪಾಠವಿದೆ. ಗಾಜಿನ ಮೇಲೆ ಅದು ಈಗಲೂ ನಾಲ್ಕೇ ಪದ. ಹಕ್ಕು ಎಲ್ಲಿ ಮೊಟಕಾಯಿತೆಂದು ತಿಳಿಯಬೇಕಾದರೆ ಎರಡೂ ಪಾಠಗಳನ್ನು ಒಮ್ಮೆ ಗಟ್ಟಿಯಾಗಿ ಓದಬೇಕು.

ನಮ್ಮ ರಾಜ್ಯಾಂಗವೂ ಅದೇ ೧೯೪೯ರ ನವೆಂಬರ್ ೨೬ರಂದು ಅಂಗೀಕಾರವಾದದ್ದು. ಅದರ ೧೯ನೆಯ ವಿಧಿಯಲ್ಲಿಯೂ ಸ್ವಾತಂತ್ರ್ಯಗಳು ಗಿಡ್ಡ ಸಾಲುಗಳು, ನಿರ್ಬಂಧಗಳು ಉದ್ದ ವಾಕ್ಯಗಳು. ನಿರ್ಬಂಧವೆಲ್ಲ ಅನ್ಯಾಯವೆಂದು ಇದರ ಅರ್ಥವಲ್ಲ. ಕೂಡಿ ಬಾಳುವ ಜನಕ್ಕೆ ಕಟ್ಟುಪಾಡು ಬೇಕು. ಆದರೆ ಕಟ್ಟು ಎಲ್ಲಿದೆ, ಎಷ್ಟು ಬಿಗಿಯಾಗಿದೆ ಎಂಬುದನ್ನು ಅದರೊಳಗೆ ಇರುವವರು ತಿಳಿದಿರಬೇಕು. ಆ ವಿಧಿಯನ್ನು ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಬಾಯಿಬಿಟ್ಟು ಓದಬಹುದು. ಅದಕ್ಕೆ ರಾಗಜ್ಞಾನ ಬೇಕಿಲ್ಲ. ಎಲ್ಲಿ ಉಸಿರು ಕಟ್ಟುತ್ತದೆಯೋ ಅಲ್ಲಿ ನಿಂತು, ಯಾಕೆಂದು ಕೇಳಿದರೆ ಸಾಕು.