ತಂತಿಮನೆಯವರ ಹೊಸ ವ್ಯಾಪಾರ

ನಮ್ಮ ದೇಶದಲ್ಲಿ ಇಂಟರ್‌ನೆಟ್ಟನ್ನು ಸಾರ್ವಜನಿಕರಿಗೆ ಮೊದಲು ಮಾರಿದವರು ಯಾರು ಎಂದು ಇಂದಿನ ಹುಡುಗರನ್ನು ಕೇಳಿದರೆ, ಅವರು ಯಾವುದಾದರೊಂದು ಮೊಬೈಲ್ ಕಂಪೆನಿಯ ಹೆಸರು ಹೇಳಿಯಾರು. ಆ ವ್ಯಾಪಾರ ಮೊದಲಾದದ್ದು 1995ರ ಆಗಸ್ಟ್ 15ರಂದು. ಅಂಗಡಿ ತೆರೆದದ್ದು ಸರ್ಕಾರದ ವಿದೇಶ್ ಸಂಚಾರ್ ನಿಗಮ್, ಜನರ ಬಾಯಲ್ಲಿ ವಿ.ಎಸ್.ಎನ್.ಎಲ್. ಹೊರದೇಶಕ್ಕೆ ತಂತಿ ಕಳಿಸುವುದು, ಟೆಲಿಫೋನ್ ಜೋಡಿಸುವುದು ಅದರ ಕುಲಕಸುಬು. ಇದನ್ನು ಮರೆತರೆ ಅದು ಇಂಟರ್‌ನೆಟ್ಟನ್ನು ಮಾರಿದ ರೀತಿ ಅರ್ಥವಾಗಲಾರದೆಂದು ನನ್ನ ಎಣಿಕೆ.

ಈ ಮನೆತನದ ಮೂಲ ಬಹಳ ಹಳೆಯದು. 1870ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗು ಬೊಂಬಾಯಿಯಿಂದ ಏಡನ್ನಿನವರೆಗೆ ಸಮುದ್ರದ ತಳದಲ್ಲಿ ತಂತಿ ಹಾಸಿತು. ಅಲ್ಲಿಂದ ಮುಂದೆ ಲಂಡನ್ನಿನ ಮಾತು ಬೊಂಬಾಯಿಗೆ ಗಂಟೆಗಳಲ್ಲಿ ಬರತೊಡಗಿತು. ಆ ಕಾಲದ ಲೆಕ್ಕವೆಲ್ಲ ಪದಕ್ಕಿಷ್ಟು ಎಂದು; ಒಂದು ಮಾತು ಹೆಚ್ಚಾದರೆ ಅಷ್ಟು ಹಣ ಹೆಚ್ಚು. ವಿದೇಶೀ ಸಂಪರ್ಕದ ಈ ವ್ಯವಹಾರ 1947ರಲ್ಲಿ ಬ್ರಿಟಿಷ್ ಕಂಪೆನಿಯ ಕೈಯಿಂದ ಸರ್ಕಾರದ ಕೈಗೆ ಬಂತು. 1986ರಲ್ಲಿ ಅದಕ್ಕೆ ನಿಗಮವೆಂಬ ಹೊಸ ಅಂಗಿ ತೊಡಿಸಿದರು. ಅಂಗಿ ಹೊಸದಾಯಿತು, ತಕ್ಕಡಿ ಮಾತ್ರ ಹಳೆಯದೇ.

ಅದಕ್ಕೆ ಮೊದಲು ಈ ದೇಶದಲ್ಲಿ ಜಾಲವೇ ಇರಲಿಲ್ಲವೆಂದಲ್ಲ. 1986ರಲ್ಲಿ ಮೊದಲಾದ ಎರ್‌ನೆಟ್ ಯೋಜನೆಯಲ್ಲಿ ಐದು ಐ.ಐ.ಟಿ.ಗಳ ಜೊತೆಗೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೂ ಸೇರಿತ್ತು. ಅದು ಪಂಡಿತರ ಕೆರೆ. ಊರವರು ಕೊಡ ಅದ್ದುವಂತಿರಲಿಲ್ಲ. ಊರವರಿಗೆ ನೀರು ಬಿಟ್ಟದ್ದು ನಿಗಮ. ಮೊದಲು ಬೊಂಬಾಯಿ, ದಿಲ್ಲಿ, ಕಲ್ಕತ್ತೆ, ಮದರಾಸುಗಳಲ್ಲಿ. ಅನಂತರ ಬೆಂಗಳೂರು, ಪುಣೆಗಳಲ್ಲಿ.

ಬಿಟ್ಟ ನೀರಿನ ಪ್ರಮಾಣವನ್ನೂ ನೋಡಬೇಕು. ಸೆಕೆಂಡಿಗೆ 9.6 ಕಿಲೋಬಿಟ್, ಅಂದರೆ ಹೆಚ್ಚೆಂದರೆ ಸಾವಿರದ ಇನ್ನೂರು ಅಕ್ಷರ. ಕಾಗದ ಓದುವುದಕ್ಕೆ ಧಾರಾಳವಾಗಿ ಸಾಕು. ಈಗಿನ ಮೊಬೈಲಿನಲ್ಲಿ ತೆಗೆದ ಮೂರು ಮೆಗಾಬೈಟಿನ ಒಂದು ಚಿತ್ರ ಇಳಿಯಬೇಕಾದರೆ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತಿತ್ತು. ಬೆಲೆ, ವ್ಯಕ್ತಿಗಳಿಗೆ 250 ಗಂಟೆಗೆ 5,000 ರೂಪಾಯಿ, ಸಂಸ್ಥೆಗಳಿಗೆ 15,000. ಗಂಟೆಗೆ ಇಪ್ಪತ್ತು ರೂಪಾಯಿಯಾಯಿತು, ಟೆಲಿಫೋನಿನ ಬಿಲ್ಲು ಬೇರೆ. ಅದೂ ಮನೆಯಲ್ಲಿ ಟೆಲಿಫೋನು ಇದ್ದವರಿಗೆ. ಅದಕ್ಕಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದವರ ಕಾಲ ಅದು. ಮಾರುವವನು ಒಬ್ಬನೇ. ಇಂಟರ್‌ನೆಟ್ಟೆಂಬುದು ಅವನ ಕಣ್ಣಿಗೆ ಇನ್ನೊಂದು ಬಗೆಯ ಟ್ರಂಕ್ ಕಾಲ್.

ಆದರೂ ಆ ನಿಗಮ ಒಂದು ಒಳ್ಳೆಯ ಕೆಲಸ ಮಾಡಿತು. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಖಾತೆಯೊಂದನ್ನು ಕೊಟ್ಟಿತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಬಿಳಿಯ ಅಕ್ಷರ. ಪುಟಗಳನ್ನು ಓದಲು ಲಿಂಕ್ಸ್, ಕಾಗದಗಳಿಗೆ ಪೈನ್. ಒಂದು ಕ್ಯಾನ್ಸಸ್ ವಿಶ್ವವಿದ್ಯಾಲಯದವರು, ಇನ್ನೊಂದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿ ಹಂಚಿದ್ದು. ನನಗೂ ಇಂಥದೊಂದು ಖಾತೆಯಿತ್ತು. ವಿಳಾಸದಲ್ಲಿ ಹೆಸರಿನ ಮುಂದೆ 'ಜಿಐಎಎಸ್‌ಬಿಜಿ01' ಎಂದು ಬರೆಯಬೇಕು. ಮೊದಲ ನಾಲ್ಕಕ್ಷರ ಸೇವೆಯ ಹೆಸರು, 'ಬಿಜಿ' ಎಂದರೆ ಬೆಂಗಳೂರು, ಸೊನ್ನೆ ಒಂದು ಎಂದರೆ ಮೊದಲನೆಯ ಯಂತ್ರ. ಬೊಂಬಾಯಿಯವರದು 'ಬಿಎಂ', ಮದರಾಸಿನವರದು 'ಎಂಡಿ'. ರೈಲ್ವೆ ಸ್ಟೇಷನ್ನಿನ ಸಂಕೇತದಂತಿದ್ದ ಆ ವಿಳಾಸವನ್ನು ನಾವು ಬಹಳ ಜಂಬದಿಂದ ಹೇಳಿಕೊಳ್ಳುತ್ತಿದ್ದೆವು. ನಮ್ಮಲ್ಲಿ ಕೆಲವು ಚತುರರು ಏನೇನೋ ತಂತ್ರ ಹೂಡಿ ಆ ಬಡ ಖಾತೆಯಲ್ಲೇ ಚಿತ್ರಗಳನ್ನೂ ಇಳಿಸಿಕೊಳ್ಳುತ್ತಿದ್ದರು. ಮುಂದೆ ಅವರೇ ಒಳ್ಳೆಯ ಎಂಜಿನಿಯರುಗಳಾದರೆಂದರೆ ಆಶ್ಚರ್ಯವಿಲ್ಲ.

ಆ ಪರದೆಯ ಮೇಲೆ ಕನ್ನಡ ಮೂಡುತ್ತಿರಲಿಲ್ಲ. ಯೂನಿಕೋಡಿನಲ್ಲಿ ನಮ್ಮ ಅಕ್ಷರಗಳಿಗೆ 1991ರಲ್ಲೇ ಮಣೆ ಹಾಕಿದ್ದರು. ಆ ಸುದ್ದಿ ಈ ಕಪ್ಪು ಪರದೆಯನ್ನು ಮುಟ್ಟಿರಲಿಲ್ಲ. ಅಮೆರಿಕದಲ್ಲಿದ್ದ ಮಗನಿಗೆ ತಾಯಿ ಹೇಳಿ ಬರೆಸಿದ ಮಾತು ರೋಮನ್ ಲಿಪಿಯಲ್ಲಿ ಹೋಗಬೇಕು. ಆ ಲಿಪಿಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ಹಾಲೂ ಹಾಳೂ ಒಂದೇ. ಹೊಸ ಮನೆಯಲ್ಲಿ ಉಕ್ಕಿದ್ದು ಯಾವುದೆಂದು ಓದಿದವನೇ ಊಹಿಸಿಕೊಳ್ಳಬೇಕು. ಹಿಂದೆ ಹಳ್ಳಿಗೆ ತಂತಿ ಬಂದರೆ ಮೇಷ್ಟ್ರನ್ನು ಹುಡುಕಿಕೊಂಡು ಓಡುತ್ತಿದ್ದರಲ್ಲ, ಅದೇ ಪಾಡು ಇನ್ನೊಂದು ರೂಪದಲ್ಲಿ. 1998ರಲ್ಲಿ 'ಬರಹ' ತಂತ್ರಾಂಶ ಬಂದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಹಲವರಿಗೆ ಸುಲಭವಾಯಿತು. ಅಲ್ಲಿಯವರೆಗೆ ಇಂಗ್ಲಿಷ್ ಬಾರದವರ ಪಾಲಿಗೆ ಈ ಅಂಗಡಿ ತೆರೆದೂ ಮುಚ್ಚಿದಂತೆಯೇ.

ಒಬ್ಬನೇ ಬಾಗಿಲು ಕಾಯುವಲ್ಲಿ ಇನ್ನೊಂದು ತೊಡಕೂ ಉಂಟು. ಇಂಟರ್‌ನೆಟ್ಟಿನ ಮೂಲಕ ಟೆಲಿಫೋನಿನಂತೆ ಮಾತಾಡುವುದನ್ನು 2002ರ ಏಪ್ರಿಲ್‌ವರೆಗೆ ನಿಷೇಧಿಸಿದ್ದರು; ಟ್ರಂಕ್ ಕಾಲಿನ ವರಮಾನ ಕೈಬಿಟ್ಟು ಹೋಗುವುದೆಂಬ ಭಯ. 1999ರ ಕಾರ್ಗಿಲ್ ಯುದ್ಧದ ವೇಳೆ ಪಾಕಿಸ್ತಾನದ 'ಡಾನ್' ಪತ್ರಿಕೆ ಇಲ್ಲಿಯವರಿಗೆ ಕಾಣದಂತೆ ಮಾಡಲು ನಿಗಮದ ಬಾಗಿಲನ್ನು ಎಳೆದರೆ ಸಾಕಾಗಿತ್ತು. ಶತ್ರುವಿನ ಪತ್ರಿಕೆಯನ್ನು ಓದಿ ಕೆಡುವಷ್ಟು ಎಳಸಾಗಿದ್ದೆವೇ ನಾವು ಎಂದು ಆಗಲೇ ಕೇಳಿದವರಿದ್ದರು.

ಅಷ್ಟರಲ್ಲಿ, 1998ರ ನವೆಂಬರಿನಲ್ಲಿ, ಸರ್ಕಾರ ಖಾಸಗಿಯವರಿಗೂ ಪರವಾನೆ ಕೊಡುವ ನೀತಿಯನ್ನು ತಂದಿತ್ತು. ಪೈಪೋಟಿ ಬಂತು, ಬೆಲೆ ಇಳಿಯಿತು. ಆ ಕಥೆ ಎಲ್ಲರಿಗೂ ಗೊತ್ತು. 2002ರಲ್ಲಿ ಟಾಟಾ ಸಮೂಹ ನಿಗಮದ ಶೇಕಡ 25 ಪಾಲನ್ನು 1,439 ಕೋಟಿ ರೂಪಾಯಿಗೆ ಕೊಂಡು ಆಡಳಿತವನ್ನು ವಹಿಸಿಕೊಂಡಿತು. 2005ರಲ್ಲಿ ಟೈಕೋ ಎಂಬ ಅಮೆರಿಕದ ಕಂಪೆನಿಯ ಸಮುದ್ರತಂತಿಗಳ ಜಾಲ 13 ಕೋಟಿ ಡಾಲರಿಗೆ ಅದರ ವಶವಾಯಿತು. 2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಷನ್ಸ್ ಎಂದಾಯಿತು. ಬೊಂಬಾಯಿಯ ಕಡಲಲ್ಲಿ ಹಡಗಿನಿಂದ ತಂತಿ ಇಳಿಬಿಟ್ಟವರ ವಾರಸುದಾರರು ಇಂದು ಭೂಮಿಯನ್ನೇ ಬಳಸಿದ ಸಮುದ್ರತಂತಿಗಳನ್ನು ಇಟ್ಟುಕೊಂಡಿದ್ದಾರೆ. ಅದರೊಳಗೆ ಈಗ ಹಾಲು ಹಾಲಾಗಿಯೇ ಹೋಗುತ್ತದೆ.