ಬೇಳೆ, ಹುಲ್ಲು, ನೆಲನೆಲ್ಲಿ: ಹೂಬಿಡುವ ಸಸ್ಯಗಳ ಜನಪದ ವರ್ಗೀಕರಣ ಮತ್ತು ಅದರ ಚರಿತ್ರೆ

ಸಸ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್‌ನಿಂದ ಆರಂಭಿಸಿ, ಇಂಗ್ಲೆಂಡಿನ ಜಾನ್ ರೇ, ಸ್ವೀಡನ್ನಿನ ಲಿನೇಯಸ್ ಇವರ ಮೂಲಕ ಇಂದಿನ ವರ್ಗೀಕರಣಕ್ಕೆ ಬಂದು ನಿಲ್ಲುತ್ತಾರೆ. ಭಾರತದ ಮಟ್ಟಿಗೆ ಇದಕ್ಕೆ ಚರಕ, ಸುಶ್ರುತ ಸಂಹಿತೆಗಳ ಅಧ್ಯಾಯವೊಂದು ಸೇರುತ್ತದೆ. ಇವೆರಡೂ ಗ್ರಂಥಸ್ಥ ಧಾರೆಗಳು. ಗ್ರಂಥಕ್ಕೆ ಏರದೆ ಮಾತಿನಲ್ಲಿಯೇ ಉಳಿದ ಮೂರನೆಯ ಧಾರೆಯೊಂದಿದೆ. ಬಿತ್ತುವವರು, ಕಳೆ ಕೀಳುವವರು, ಬೀಸುವವರು, ಕಾಡಿನಿಂದ ಸೊಪ್ಪು ತರುವವರು, ನಾಟಿ ಔಷಧ ಕೊಡುವವರು ತಲೆಮಾರುಗಳಿಂದ ಕಟ್ಟಿಕೊಂಡ ತಿಳಿವಳಿಕೆಯದು. ಜಾನಪದ ಸಂಗ್ರಹಗಳಲ್ಲಿ ಇದು ಬಹುಮಟ್ಟಿಗೆ ‘ನಂಬಿಕೆ’ ಮತ್ತು ‘ಆಚರಣೆ’ ಎಂಬ ತಲೆಬರಹಗಳ ಅಡಿಯಲ್ಲಿ ದಾಖಲಾಗಿದೆ. ಜ್ಞಾನವೆಂದು ದಾಖಲಾದದ್ದು ಕಡಿಮೆ. ಹೂಬಿಡುವ ಸಸ್ಯಗಳ ರಚನೆ, ಬೆಳವಣಿಗೆ ಮತ್ತು ವರ್ಗೀಕರಣ ಎಂಬ ಮೂರು ನೆಲೆಗಳಲ್ಲಿ ಕನ್ನಡ ಜನಪದರ ಶಬ್ದಸಂಪತ್ತನ್ನು ಪರಿಶೀಲಿಸಿದರೆ ಅದರ ಹಿಂದೆ ಒಂದು ವ್ಯವಸ್ಥೆ ಇರುವುದು ಸ್ಪಷ್ಟವಾಗುತ್ತದೆ. ಪಶ್ಚಿಮ ಕರಾವಳಿಯ ಇಂಥದೇ ತಿಳಿವಳಿಕೆ 17ನೆಯ ಶತಮಾನದಲ್ಲಿ ಯುರೋಪಿನ ಸಸ್ಯಶಾಸ್ತ್ರಕ್ಕೆ ಸಾಮಗ್ರಿಯಾಯಿತೆಂಬುದೂ ಇಲ್ಲಿ ಗಮನಾರ್ಹ.

ರಚನೆ: ಅಂಗಾಂಗಗಳ ಹೆಸರು

ಬೇರು, ಕಾಂಡ, ಎಲೆ, ಹೂವು, ಕಾಯಿ, ಬೀಜ ಇವು ಹೂಬಿಡುವ ಸಸ್ಯದ ಮುಖ್ಯ ಅಂಗಗಳು. ಬೀಜವು ಅಂಡಾಶಯದ ಒಳಗೆ ಮುಚ್ಚಿಕೊಂಡು ಬೆಳೆಯುವುದು, ಆ ಅಂಡಾಶಯವೇ ಮುಂದೆ ಕಾಯಿಯಾಗುವುದು ಈ ಸಸ್ಯವರ್ಗದ ಪ್ರಧಾನ ಲಕ್ಷಣ. ಪಠ್ಯಪುಸ್ತಕದ ಈ ಸಾಮಾನ್ಯ ಪದಗಳಿಗೆ ಪ್ರತಿಯಾಗಿ ಜನಪದರಲ್ಲಿ ಪ್ರತಿ ಸಸ್ಯದ ಸ್ವಭಾವಕ್ಕೆ ತಕ್ಕ ವಿಶಿಷ್ಟ ಪದಗಳಿವೆ. ಎಲ್ಲ ಎಲೆಯೂ ಎಲೆಯಲ್ಲ. ತೆಂಗಿನದು ಗರಿ, ಅಡಕೆಯದು ಸೋಗೆ. ಎಲ್ಲ ಕಾಂಡವೂ ಕಾಂಡವಲ್ಲ. ಸೊಪ್ಪಿನದು ದಂಟು, ಕಬ್ಬಿನದು ಜಲ್ಲೆ.

ಬಾಳೆಯ ಉದಾಹರಣೆ ಈ ದೃಷ್ಟಿಯಿಂದ ಮುಖ್ಯವಾದುದು. ಹೊರನೋಟಕ್ಕೆ ಬಾಳೆಯ ಬೊಡ್ಡೆಯೇ ಕಾಂಡವೆಂದು ತೋರುತ್ತದೆ. ವಾಸ್ತವವಾಗಿ ಅದು ಎಲೆಗಳ ಬುಡಭಾಗಗಳು ಒಂದರ ಮೇಲೊಂದು ಸುತ್ತಿಕೊಂಡ ರಚನೆ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಗೊನೆ ಹೊರುವ ದಂಡವು ಅಲ್ಲಿಂದ ಹೊರಟು ಬೊಡ್ಡೆಯ ನಡುವಿನಿಂದ ಮೇಲೇರುತ್ತದೆ. ಜನಪದರು ಸುತ್ತಿನ ಪದರವನ್ನು ‘ಪಟ್ಟೆ’ ಎಂದೂ, ಒಳಗಿನ ದಂಡವನ್ನು ‘ದಿಂಡು’ ಎಂದೂ, ನೆಲದೊಳಗಿನದನ್ನು ‘ಗೆಡ್ಡೆ’ ಎಂದೂ, ಅದರಿಂದ ಒಡೆಯುವ ಮರಿಯನ್ನು ‘ಕಂದು’ ಎಂದೂ ಪ್ರತ್ಯೇಕಿಸಿದ್ದಾರೆ. ಪಟ್ಟೆ ಹೂ ಕಟ್ಟಲು, ದಿಂಡು ಪಲ್ಯಕ್ಕೆ, ಕಂದು ನೆಡಲು. ಬಳಕೆಯ ಬೇರೆತನವು ರಚನೆಯ ಬೇರೆತನವನ್ನು ಗುರುತಿಸಲು ದಾರಿಯಾಗಿದೆ.

ಹೂವಿನ ಲಿಂಗಭೇದದ ಅರಿವೂ ಹೀಗೆಯೇ ಕೃಷಿಯಿಂದ ಬಂದುದು. ಸಸ್ಯಗಳಲ್ಲಿ ಲಿಂಗಭೇದವಿದೆ ಎಂಬುದನ್ನು ಜರ್ಮನಿಯ ಕ್ಯಾಮೆರಾರಿಯಸ್ 1694ರಲ್ಲಿ ಪ್ರಯೋಗಗಳ ಆಧಾರದಿಂದ ಪ್ರತಿಪಾದಿಸಿದ. ಕುಂಬಳ, ಹೀರೆ, ಸೋರೆಗಳಲ್ಲಿ ಕಾಯಿ ಕಚ್ಚದ ಹೂವನ್ನು ‘ಗಂಡು ಹೂ’ ಎಂದೂ, ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತೇ ಅರಳುವ ಹೂವನ್ನು ‘ಹೆಣ್ಣು ಹೂ’ ಎಂದೂ ನಮ್ಮ ರೈತರು ಕರೆಯುತ್ತಾರೆ. ಆ ಪುಟ್ಟ ಕಾಯಿಯೇ ಶಾಸ್ತ್ರ ಹೇಳುವ ಅಂಡಾಶಯ. ಆದರೆ ಜನಪದದಲ್ಲಿ ಗಂಡು, ಹೆಣ್ಣು ಎಂಬ ಮಾತುಗಳು ಎಲ್ಲೆಡೆಯೂ ಲಿಂಗವನ್ನೇ ಸೂಚಿಸುವುದಿಲ್ಲ. ಒಳಗೆ ಗಟ್ಟಿಯಿರುವ ಬಿದಿರನ್ನು ‘ಗಂಡು ಬಿದಿರು’ ಎನ್ನುವಲ್ಲಿ ಸೂಚಿತವಾಗುವುದು ಗಡಸುತನ ಮಾತ್ರ. ಜನಪದ ಪದಗಳನ್ನು ಶಾಸ್ತ್ರದ ಪದಗಳಿಗೆ ಸಮೀಕರಿಸುವಾಗ ಈ ಎಚ್ಚರ ಅಗತ್ಯ.

ಬೆಳವಣಿಗೆ: ಬೀಜದಿಂದ ಬೀಜಕ್ಕೆ

ಬೆಳವಣಿಗೆಯ ಹಂತಗಳನ್ನು ಹೆಸರಿಸುವಲ್ಲಿ ಕನ್ನಡದ ಸೂಕ್ಷ್ಮತೆ ಎದ್ದು ಕಾಣುತ್ತದೆ. ಮಾವು ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎಂದು ನಾಲ್ಕು ಹೆಸರು ಪಡೆಯುತ್ತದೆ. ಮಲೆನಾಡಿನಲ್ಲಿ ಉಪ್ಪಿನಕಾಯಿಗೆ ಅಪ್ಪೆಮಿಡಿಯನ್ನು ಕೊಯ್ಯುವ ಕಾಲ ನಿರ್ಧಾರವಾಗುವುದು ಒಳಗಿನ ಓಟೆ ಬಲಿಯುವ ಮೊದಲು. ಈ ಓಟೆ ಬೀಜವಲ್ಲ. ಹಣ್ಣಿನ ಒಳಪದರವೇ ಗಟ್ಟಿಯಾಗಿ ಬೀಜವನ್ನು ಸುತ್ತುವರಿದ ಕವಚ. ಜನಪದರೂ ಓಟೆಯನ್ನೂ ಅದರೊಳಗಿನ ತಿರುಳನ್ನೂ ಬೇರೆ ಬೇರೆ ಹೆಸರುಗಳಿಂದಲೇ ಗುರುತಿಸುತ್ತಾರೆ.

ಭತ್ತದ ಬೆಳವಣಿಗೆಯಲ್ಲಿ ತೆನೆಯು ಹೊರಬರುವ ಮುನ್ನ ಎಲೆಯ ಕವಚದೊಳಗೇ ರೂಪುಗೊಂಡು ಅದನ್ನು ಉಬ್ಬಿಸುತ್ತದೆ. ಇದು ‘ಹೊಡೆ’. ಹೊಡೆ ತುಂಬಿದ ಗದ್ದೆಯನ್ನು ಬಸುರಿ ಎಂದು ಭಾವಿಸಿ, ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಯಂದು ಬಯಕೆಯ ಅಡಿಗೆಯನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಬೀರುವ ಪದ್ಧತಿ ಮಲೆನಾಡಿನಲ್ಲಿದೆ. ಈ ಸಂದರ್ಭಕ್ಕೆಂದೇ ಹೆಂಗಸರು ಹಸೆಯ ವಿನ್ಯಾಸಗಳಿಂದ ಭೂಮಣ್ಣಿ ಬುಟ್ಟಿಯನ್ನು ಚಿತ್ರಿಸುತ್ತಾರೆ. ಇದನ್ನು ಫಲವಂತಿಕೆಯ ಆಚರಣೆ ಎಂದಷ್ಟೇ ವಿವರಿಸಿ ಬಿಡುವುದು ಅಪೂರ್ಣ. ಸಸ್ಯದ ಒಡಲಲ್ಲಿ ತೆನೆ ಇನ್ನೂ ಮರೆಯಾಗಿರುವ ನಿರ್ದಿಷ್ಟ ಹಂತವೊಂದನ್ನು ಗುರುತಿಸಿದ ಹೊರತು ಈ ರೂಪಕ ಹುಟ್ಟುವಂತಿಲ್ಲ. ನೀರಿನ ಅಭಾವವನ್ನು ಭತ್ತ ಸ್ವಲ್ಪವೂ ಸಹಿಸದ ಕಾಲವೂ ಇದೇ. ಇದರ ಮುಂದಿನ ಹಂತ ‘ಹಾಲುಗಾಳು’. ಕಾಳಿನೊಳಗಣ ಪಿಷ್ಟ ಇನ್ನೂ ದ್ರವರೂಪದಲ್ಲಿರುವ ಸ್ಥಿತಿ.

ಬಿದಿರಿನ ಬೆಳವಣಿಗೆ ಮತ್ತೊಂದು ಬಗೆಯದು. ಪಶ್ಚಿಮ ಘಟ್ಟದ ಹೆಬ್ಬಿದಿರು ಸುಮಾರು 40ರಿಂದ 45 ವರ್ಷ ಬೆಳೆದು, ಒಂದು ಸೀಮೆಯಲ್ಲೆಲ್ಲ ಏಕಕಾಲಕ್ಕೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಆಗ ದೊರೆಯುವ ಬಿದಿರಕ್ಕಿ ಕಾಡಂಚಿನ ಜನರಿಗೆ ಆಹಾರ. ಅದನ್ನು ತಿಂದು ಇಲಿಗಳು ಹೆಚ್ಚಿ ಬೆಳೆಗೆ ಬೀಳುವುದರಿಂದ ಬರದ ಮುನ್ಸೂಚನೆಯೂ ಹೌದು. ಒಬ್ಬ ಮನುಷ್ಯ ತನ್ನ ಬಾಳಿನಲ್ಲಿ ಒಂದೋ ಎರಡೋ ಬಾರಿ ಮಾತ್ರ ಕಾಣಬಹುದಾದ ಈ ಘಟನೆಯ ಅರಿವು ಒಂದು ತಲೆಮಾರಿನ ಅನುಭವದಿಂದ ಸಾಧ್ಯವಲ್ಲ. ಮೌಖಿಕ ಪರಂಪರೆ ಇಲ್ಲಿ ಕಾಲಮಾಪಕದ ಕೆಲಸ ಮಾಡಿದೆ.

ವರ್ಗೀಕರಣ: ಮೂರು ತತ್ತ್ವಗಳು

ಜನಪದ ವರ್ಗೀಕರಣದ ಮೊದಲ ತತ್ತ್ವ ಸಸ್ಯದ ನಿಲುವು. ಮರ, ಗಿಡ, ಬಳ್ಳಿ, ಹುಲ್ಲು, ಗೆಡ್ಡೆ ಎಂಬ ವಿಭಾಗಗಳು ಇದರಿಂದ ಹುಟ್ಟಿದವು. ಎರಡನೆಯದು ಬೀಜದ ರಚನೆ. ತೊಗರಿ, ಕಡಲೆ, ಹೆಸರು, ಉದ್ದು ಬೀಸುವ ಕಲ್ಲಿಗೆ ಬಿದ್ದಾಗ ಎರಡು ಸಮಭಾಗಗಳಾಗಿ ಒಡೆಯುತ್ತವೆ; ಅವು ‘ಬೇಳೆ’. ಅಕ್ಕಿ, ರಾಗಿ, ಜೋಳ ಹಾಗೆ ಒಡೆಯುವುದಿಲ್ಲ. ನುಚ್ಚಾಗುತ್ತವೆ ಇಲ್ಲವೇ ಹಿಟ್ಟಾಗುತ್ತವೆ. ಏಕದಳ, ದ್ವಿದಳ ಎಂಬ ವಿಭಜನೆಯನ್ನು ಜಾನ್ ರೇ 17ನೆಯ ಶತಮಾನದ ಕೊನೆಯಲ್ಲಿ ವರ್ಗೀಕರಣದ ಆಧಾರವಾಗಿ ಬೆಳೆಸಿದ. ಬೇಳೆ ಮತ್ತು ನುಚ್ಚಿನ ಭೇದ ಸೂಚಿಸುವುದು ಇದೇ ರಚನೆಯನ್ನು. ಅಡುಗೆಮನೆಯಲ್ಲಿ ಬೇರೆಯಾದ ಇವೆರಡು ಹೊಲದಲ್ಲಿ ಒಂದಾಗುತ್ತವೆ: ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದು ಹಳೆಯ ಮೈಸೂರು ಸೀಮೆಯ ರೂಢಿ. ಮಣ್ಣಿಗೆ ಸಾರಜನಕ ಸೇರಿಸುವ ಬೆಳೆ ಮತ್ತು ಅದನ್ನು ಬಳಸುವ ಬೆಳೆ ಇದರಿಂದ ಒಂದೇ ಹೊಲದಲ್ಲಿ ಕೂಡುತ್ತವೆ.

ಮೂರನೆಯ ತತ್ತ್ವ ಸಾಮ್ಯ. ಹಲಸು-ಹೆಬ್ಬಲಸು, ಬೇವು-ಹೆಬ್ಬೇವು, ನೆಲ್ಲಿ-ನೆಲನೆಲ್ಲಿ ಎಂಬ ಜೋಡಿಗಳಲ್ಲಿ ಮೂಲಪದ ಬಳಗವನ್ನೂ ಪೂರ್ವಪದ ಒಳಭೇದವನ್ನೂ ಹೇಳುತ್ತದೆ. ಲಿನೇಯಸ್ ಸ್ಥಿರಪಡಿಸಿದ ದ್ವಿನಾಮ ಪದ್ಧತಿಯಲ್ಲಿರುವುದೂ ಕುಲ ಮತ್ತು ಪ್ರಭೇದವೆಂಬ ಇದೇ ಕ್ರಮ. ನೆಲ್ಲಿ ಮರ, ನೆಲನೆಲ್ಲಿ ಗೇಣುದ್ದದ ಗಿಡ. ನಿಲುವನ್ನಷ್ಟೇ ನೋಡಿದರೆ ಇವು ಸೇರಲಾರವು. ಎಲೆಗಳ ಜೋಡಣೆ, ಕಡ್ಡಿಗೆ ಅಂಟಿಕೊಂಡಂತೆ ಬರುವ ಸಣ್ಣ ಹೂ ಕಾಯಿಗಳನ್ನು ಗಮನಿಸಿದವರು ಇವನ್ನು ಒಂದೇ ಹೆಸರಿಗೆ ತಂದರು. 1753ರಲ್ಲಿ ಲಿನೇಯಸ್ ನೆಲ್ಲಿಯನ್ನೂ ನೆಲನೆಲ್ಲಿಯ ಬಳಗದ ಸಣ್ಣ ಸಸ್ಯವನ್ನೂ ಫಿಲಾಂತಸ್ ಎಂಬ ಒಂದೇ ಕುಲದಲ್ಲಿರಿಸಿದ. ಸಾಮ್ಯವು ದಾರಿ ತಪ್ಪಿಸುವುದೂ ಉಂಟು. ಬೇವು, ಹೆಬ್ಬೇವುಗಳು ಒಂದೇ ಕುಟುಂಬದವು. ಎಲೆಯ ಹೋಲಿಕೆಯಿಂದ ಅದೇ ಹೆಸರು ಪಡೆದ ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದುದು.

ಆದರೆ ದಾರಿ ತಪ್ಪಿದ್ದು ಜನಪದ ಮಾತ್ರವಲ್ಲ. ಕೇಸರಗಳ ಎಣಿಕೆಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಲಿನೇಯಸ್ ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದ. ಬಹುಪಾಲು ಹುಲ್ಲುಗಳಿಗೆ ಮೂರು ಕೇಸರಗಳಿದ್ದು ಭತ್ತಕ್ಕೆ ಆರಿರುವುದರಿಂದ, ಭತ್ತವು ತನ್ನ ಬಳಗದಿಂದ ಬೇರ್ಪಟ್ಟು ಮತ್ತೊಂದು ವರ್ಗಕ್ಕೆ ಸೇರಿತು. ಭತ್ತದ ಹುಲ್ಲು, ರಾಗಿಹುಲ್ಲು, ನವಣೆಹುಲ್ಲು ಎಂದು ಒಂದೇ ಮಾತಿನಲ್ಲಿ ಹೇಳುವ ಕನ್ನಡದ ರೂಢಿ ಈ ವಿಷಯದಲ್ಲಿ ಇಂದಿನ ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾಗಿದೆ.

ಗ್ರಂಥಸ್ಥ ಪರಂಪರೆಯೊಡನೆ ಸಂಬಂಧ

ಸುಶ್ರುತ ಸಂಹಿತೆ ಸಸ್ಯಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ: ಹೂವಿಲ್ಲದೆ ಫಲಕೊಡುವ ವನಸ್ಪತಿ, ಹೂ ಹಣ್ಣು ಎರಡೂ ಇರುವ ವೃಕ್ಷ, ಹಬ್ಬಿ ಬೆಳೆಯುವ ವೀರುಧ, ಫಲ ಮಾಗಿದೊಡನೆ ಸಾಯುವ ಓಷಧಿ. ಇಲ್ಲಿಯೂ ರಚನೆ ಮತ್ತು ಬೆಳವಣಿಗೆಗಳೇ ವರ್ಗದ ಆಧಾರ. ಅತ್ತಿ, ಆಲಗಳು ವನಸ್ಪತಿಗೆ ಪ್ರಸಿದ್ಧ ನಿದರ್ಶನಗಳು. ವಾಸ್ತವವಾಗಿ ಅತ್ತಿಗೆ ಹೂವಿಲ್ಲದಿಲ್ಲ; ಕಾಯಿಯಂತೆ ಕಾಣುವ ಸಂಪುಟದ ಒಳಗೋಡೆಯಲ್ಲಿ ನೂರಾರು ಸಣ್ಣ ಹೂಗಳಿದ್ದು, ಅದರೊಳಗೆ ನುಸುಳುವ ಸಣ್ಣ ಕಣಜಗಳಿಂದ ಪರಾಗಸ್ಪರ್ಶ ನಡೆಯುತ್ತದೆ. ಕಾಣಸಿಗದ ವಸ್ತುವನ್ನು ಅತ್ತಿಯ ಹೂವೆಂದು ಕರೆಯುವ ನುಡಿಗಟ್ಟು ಅದನ್ನು ಇಲ್ಲವೆನ್ನುವುದಿಲ್ಲ, ದುರ್ಲಭವೆನ್ನುತ್ತದೆ ಎಂಬುದು ಕುತೂಹಲಕರ. ಕನ್ನಡದಲ್ಲಿ ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ವು ವೃಕ್ಷಾಯುರ್ವೇದವನ್ನು ಒಂದು ವಿಷಯವಾಗಿ ಒಳಗೊಂಡಿದೆ. ಕೃಷಿಕರ ಅರಿವು ಮತ್ತು ಶಾಸ್ತ್ರಗಳ ನಡುವೆ ಕೊಡುಕೊಳೆ ನಡೆದಿರಬೇಕೆಂಬುದಕ್ಕೆ ಇಂಥ ಕೃತಿಗಳು ಸಾಕ್ಷಿ.

ಮಲಬಾರಿನಿಂದ ಆಂಸ್ಟರ್‌ಡ್ಯಾಂಗೆ

ಮೌಖಿಕ ಜ್ಞಾನವು ಯುರೋಪಿನ ಗ್ರಂಥಕ್ಕೆ ಏರಿದ ಅತಿ ದೊಡ್ಡ ಸಂದರ್ಭ ‘ಹೊರ್ಟಸ್ ಮಲಬಾರಿಕಸ್’. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ಈ ಕೃತಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್‌ಡ್ಯಾಂನಲ್ಲಿ ಪ್ರಕಟವಾಯಿತು. ಏಳುನೂರಕ್ಕೂ ಹೆಚ್ಚು ಸಸ್ಯಗಳ ವಿವರಣೆ ಇದರಲ್ಲಿದೆ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಭಾಷೆಯ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ ಇದರ ಮುಖ್ಯ ಮಾಹಿತಿದಾರರು. 1675ರಲ್ಲಿ ಇವರು ಬರೆದುಕೊಟ್ಟ ಹೇಳಿಕೆಗಳು ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಮಾಹಿತಿದಾರರ ಹೆಸರನ್ನು ಹೀಗೆ ಗೌರವದಿಂದ ಅಚ್ಚಿಸಿದುದು ಆ ಕಾಲಕ್ಕೆ ಅಪರೂಪ.

ಮಲಯಾಳದ ಮರಂ, ವಳ್ಳಿ, ಪುಲ್ಲು ಕನ್ನಡದಲ್ಲಿ ಮರ, ಬಳ್ಳಿ, ಹುಲ್ಲು ಎಂದಿವೆ. ಆದ್ದರಿಂದ ಈ ಕೃತಿಯ ಹೆಸರುಗಳು ಕನ್ನಡಿಗರಿಗೂ ಅಪರಿಚಿತವಲ್ಲ. ನೆಲನೆಲ್ಲಿಯ ಬಳಗದ ಸಸ್ಯ ಅಲ್ಲಿ ‘ಕಿರ್ಗನೆಲಿ’. ನಮ್ಮ ಹಿತ್ತಿಲ ಬಸಳೆ ಅಲ್ಲಿ ‘ಬಸೆಲ್ಲಾ’; ಲಿನೇಯಸ್ 1753ರಲ್ಲಿ ಅದನ್ನೇ ಕುಲನಾಮವಾಗಿ ಉಳಿಸಿಕೊಂಡ. ಸಂಪಿಗೆಗೆ ಅವನು ಕೊಟ್ಟ ಹೆಸರು ಮಿಕೇಲಿಯಾ ಚಂಪಕ. ಅದರ ಪೂರ್ವಾರ್ಧ ಇಟಲಿಯ ಸಸ್ಯಶಾಸ್ತ್ರಜ್ಞ ಮಿಕೇಲಿಯ ಸ್ಮರಣೆ, ಉತ್ತರಾರ್ಧ ಈ ನೆಲದ ಮಾತು. ಇಂದು ಅದು ಮ್ಯಾಗ್ನೋಲಿಯಾ ಚಂಪಕ. ಕುಲನಾಮ ಬದಲಾದರೂ ಚಂಪಕ ಉಳಿದಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಮೂರು ಸಂಪುಟಗಳಲ್ಲಿ ಬೆಳೆಗಳ, ಕಾಡುಮರಗಳ ಸ್ಥಳೀಯ ಹೆಸರುಗಳನ್ನು ದಾಖಲಿಸಿದ. ಅವನ್ನು ಹೇಳಿಕೊಟ್ಟ ರೈತರು, ಕಾಡಿನ ಜನ ಬಹುಮಟ್ಟಿಗೆ ಅನಾಮಧೇಯರಾಗಿಯೇ ಉಳಿದರು. ಹೆಸರು ಪುಸ್ತಕ ಸೇರಿತು, ಹೆಸರಿಟ್ಟವರು ಹೊರಗುಳಿದರು.

ಉಪಸಂಹಾರ

1976ರ ಹಾಸನ ಜಿಲ್ಲೆಯ ಸಸ್ಯಸಂಪುಟದಿಂದ ಮೊದಲ್ಗೊಂಡು ಕರ್ನಾಟಕದ ಹೂಬಿಡುವ ಸಸ್ಯಗಳ ಶಾಸ್ತ್ರೀಯ ದಾಖಲೆ ಗಣನೀಯವಾಗಿ ಬೆಳೆದಿದೆ. 1998ರಿಂದೀಚೆಗೆ ವಂಶವಾಹಿಗಳ ಆಧಾರದಿಂದ ಕುಟುಂಬಗಳನ್ನೇ ಮರುಜೋಡಿಸುವ ಕಾರ್ಯ ನಡೆದಿದೆ. ಶಾಸ್ತ್ರ ತನ್ನ ಹೆಸರುಗಳನ್ನು ತಿದ್ದಿಕೊಳ್ಳಬಲ್ಲದು, ಏಕೆಂದರೆ ಅದರ ಹಳೆಯ ಹೆಸರುಗಳೂ ಬರಹದಲ್ಲಿವೆ. ಮಾತಿನ ಹೆಸರಿಗೆ ಆ ಆಸರೆಯಿಲ್ಲ. ಬೀಸುವ ಕಲ್ಲು ನಿಂತಾಗ ಬೀಸುವ ಪದ ನಿಂತಿತು. ಅಕ್ಕಡಿ ಸಾಲು ಹೋದಲ್ಲಿ ಅದರ ಮಾತೂ ಹೋಗುತ್ತಿದೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಕಳೆಗಿಡಗಳ ಹೆಸರು ಕಲಿಯುವ ಪ್ರಸಂಗವೇ ಬರುವುದಿಲ್ಲ.

2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗಳು ಸಿದ್ಧವಾಗಬೇಕು. ಅವು ಸಸ್ಯದ ಹೆಸರಿನ ಪಟ್ಟಿಯಷ್ಟೇ ಆದರೆ ಪ್ರಯೋಜನ ಅಲ್ಪ. ಹೆಸರು ಯಾವ ಬಳಗಕ್ಕೆ ಸೇರಿದುದು, ಬೆಳವಣಿಗೆಯ ಯಾವ ಹಂತವನ್ನು ಸೂಚಿಸುತ್ತದೆ, ಅದನ್ನು ಹೇಳಿದವರು ಯಾರು, ಅವರ ಒಪ್ಪಿಗೆ ದೊರೆತಿದೆಯೇ ಎಂಬ ವಿವರಗಳು ಅಲ್ಲಿ ಸೇರಬೇಕು. ಇದಕ್ಕೆ ಸಸ್ಯಶಾಸ್ತ್ರಜ್ಞರೂ ಜಾನಪದ ಸಂಶೋಧಕರೂ ಒಟ್ಟಾಗಿ ಕ್ಷೇತ್ರಕ್ಕೆ ಹೋಗುವುದು ಅವಶ್ಯಕ. ನೆಲ್ಲಿ ಮತ್ತು ನೆಲನೆಲ್ಲಿಯ ನಂಟನ್ನು ಮೊದಲು ಕಂಡವರ ಹೆಸರು ಇನ್ನು ದೊರೆಯುವಂತಿಲ್ಲ. ಅಂಥ ನಂಟುಗಳನ್ನು ಇಂದಿಗೂ ಬಲ್ಲ ಹಿರಿಯರು ಊರೂರುಗಳಲ್ಲಿದ್ದಾರೆ. ಅವರ ಹೆಸರುಗಳಾದರೂ ಅವರ ಅರಿವಿನ ಜೊತೆಯಲ್ಲಿಯೇ ದಾಖಲಾಗಬೇಕು.